ಹಿರಿಯರ ಹಕ್ಕು ಮತ್ತು ನಮ್ಮ ಸಂಘ



ಕಾಫಿ ತೋಟದ ಲೈನ್‌ಮನೆಯಲ್ಲಿ ಒಬ್ಬರೇ ಉಳಿದ ಅಜ್ಜಿಗೆ ನಾವು ಗಂಜಿ ಕೊಟ್ಟು ಬರ್ತೇವೆ. ಒಳ್ಳೆಯದೇ. ಆದರೆ ಅನ್ನ ಅವರ ಹಕ್ಕು, ನಮ್ಮ ದಯೆಯಲ್ಲ. ವಿಶ್ವಸಂಸ್ಥೆ 1991ರಲ್ಲೇ ಹಿರಿಯರಿಗಾಗಿ ತತ್ವಗಳನ್ನು ಒಪ್ಪಿತು. ದೇಶಗಳು ಪಾಲಿಸಲೇಬೇಕಾದ ಒಪ್ಪಂದದ ಕರಡು ಬರೆಯಲು ಜಿನೀವಾದಲ್ಲಿ ತೀರ್ಮಾನವಾದದ್ದು 2025ರ ಏಪ್ರಿಲ್‌ನಲ್ಲಿ! ಅದು ಬರುವಾಗ ಬರಲಿ, ನಮ್ಮಲ್ಲಿ 2007ರ ಕಾಯ್ದೆ ಇದೆಯಲ್ಲ. ಮಕ್ಕಳು ನೋಡಿಕೊಳ್ಳದಿದ್ದರೆ ಜೀವನಾಂಶಕ್ಕಾಗಿ ಮಡಿಕೇರಿಯ ಉಪವಿಭಾಗಾಧಿಕಾರಿಯವರಿಗೆ ಅರ್ಜಿ ಕೊಡಬಹುದು. ವಕೀಲರು ಬೇಕಿಲ್ಲ. ಅಜ್ಜಿಗೆ ಆಗದಿದ್ದರೆ, ಅವರ ಒಪ್ಪಿಗೆ ಪಡೆದು ನಮ್ಮಲ್ಲೊಬ್ಬರು ಕೊಡಬಹುದು.

ಇನ್ನೊಂದು ಮಾತು. ಮಕ್ಕಳ ಹೆಸರಿಗೆ ಜಾಗ ದಾನಪತ್ರ ಮಾಡುವಾಗ ‘ನನ್ನನ್ನು ನೋಡಿಕೊಳ್ಳಬೇಕು’ ಅಂತ ಷರತ್ತು ಬರೆಸಿ, ಬಾಯಿಮಾತು ಸಾಲದು. ಷರತ್ತು ಇದ್ದೂ ನೋಡಿಕೊಳ್ಳದಿದ್ದರೆ ಆ ಪತ್ರವನ್ನೇ ರದ್ದು ಮಾಡಿಸಬಹುದು.

ಉಳಿತಾಯದ ಪುಸ್ತಕದ ಹಿಂದೆ ಬರೆದುಕೊಳ್ಳಿ: ಹಿರಿಯರ ಸಹಾಯವಾಣಿ 14567.