ಕೊಂಬಿನ ಉಂಗುರ ಎಣಿಸುವ ದುರ್ಬೀನು

ಅಲಾಸ್ಕಾ ಎಂದೊಡನೆ ಕಣ್ಣ ಮುಂದೆ ಬರುವುದು ಹಿಮ. ಆದರೆ ಆಗಸ್ಟ್ ತಿಂಗಳಲ್ಲಿ ಅಲ್ಲಿನ ಬೆಟ್ಟದ ಇಳಿಜಾರುಗಳು ಹಸಿರಾಗಿರುತ್ತವೆ. ಆ ಹಸಿರಿನ ನಡುವೆ ಸುಣ್ಣ ಬಳಿದ ಕಲ್ಲುಗಳಂತೆ ಬಿಳಿ ಚುಕ್ಕೆಗಳು ಕಾಣುತ್ತವೆ. ಅವೇ ಡಾಲ್ ಕುರಿಗಳು. ಅಮೆರಿಕದ ನಿಸರ್ಗ ವಿಜ್ಞಾನಿ ವಿಲಿಯಂ ಹೀಲಿ ಡಾಲ್ ಅವರ ಹೆಸರು ಹೊತ್ತ ಕಾಡುಕುರಿಗಳಿವು. ಆಗಸ್ಟ್ 10ರಿಂದ ಸೆಪ್ಟೆಂಬರ್ 20ರವರೆಗೆ ಇವುಗಳ ಟಗರನ್ನು ಬೇಟೆಯಾಡಲು ರಾಜ್ಯದ ಬಹುಭಾಗದಲ್ಲಿ ಅನುಮತಿ ಉಂಟು. ಎರಡು ಕಿಲೋಮೀಟರ್ ದೂರದಲ್ಲಿ ಟಗರೊಂದು ಕಂಡಾಗ ಬೇಟೆಗಾರನಿಗೆ ಮೊದಲು ಎದುರಾಗುವ ಪ್ರಶ್ನೆ: ಇದರ ವಯಸ್ಸೆಷ್ಟು?

ಕಾರಣ ಕಾನೂನಿನಲ್ಲಿದೆ. ಅಲಾಸ್ಕಾದ ಬಹುತೇಕ ಕಡೆ 'ಪೂರ್ಣ ಸುರುಳಿ'ಯ ಟಗರನ್ನು ಮಾತ್ರ ಕೊಲ್ಲಬಹುದು. ಪಕ್ಕದಿಂದ ನೋಡಿದಾಗ ಕನಿಷ್ಠ ಒಂದು ಕೊಂಬಿನ ತುದಿ 360 ಡಿಗ್ರಿ ಸುತ್ತು ಮುಗಿಸಿರಬೇಕು. ಇಲ್ಲವೇ ಎರಡೂ ಕೊಂಬುಗಳ ತುದಿ ಮುರಿದಿರಬೇಕು. ಅದೂ ಇಲ್ಲವಾದರೆ ಟಗರಿಗೆ ಕನಿಷ್ಠ 8 ವರ್ಷವಾಗಿರಬೇಕು. ಪ್ರತಿ ಚಳಿಗಾಲದಲ್ಲೂ ಕೊಂಬಿನ ಬೆಳವಣಿಗೆ ನಿಂತು ಅಲ್ಲೊಂದು ಉಂಗುರ ಮೂಡುತ್ತದೆ. ಮರದ ಕಾಂಡದಲ್ಲಿ ವರ್ಷಕ್ಕೊಂದು ಬಳೆ ಮೂಡುವ ಹಾಗೆ. ಆ ಉಂಗುರಗಳನ್ನು ಎಣಿಸಿದರೆ ವಯಸ್ಸು ತಿಳಿಯುತ್ತದೆ. ಮುಪ್ಪಿನತ್ತ ಸಾಗಿದ ಗಂಡುಗಳು ಮಾತ್ರ ಬೇಟೆಗೆ ಸಿಗಲಿ ಎಂಬುದು ಕಾನೂನಿನ ಆಶಯ. ಗುಂಡು ಹಾರಿದ ಮೇಲೆ ತಿದ್ದುಪಡಿಗೆ ಅವಕಾಶವಿಲ್ಲ. ಹಾಗಾಗಿ ಎಣಿಕೆ ಮೊದಲೇ, ದೂರದಿಂದಲೇ ಮುಗಿಯಬೇಕು.

ಇದಕ್ಕಾಗಿ ಬಳಸುವ ಸಾಧನವೇ ಸ್ಪಾಟಿಂಗ್ ಸ್ಕೋಪ್. ಒಂದೇ ಕಣ್ಣಿಗೆ ಹಿಡಿಯುವ, ಮೂರು ಕಾಲಿನ ಟ್ರೈಪಾಡ್ ಮೇಲೆ ನಿಲ್ಲಿಸುವ ಪುಟ್ಟ ದೂರದರ್ಶಕ. ಬೈನಾಕ್ಯುಲರ್ ವಸ್ತುವನ್ನು ಸಾಮಾನ್ಯವಾಗಿ 8 ಅಥವಾ 10 ಪಟ್ಟು ಹಿಗ್ಗಿಸಿದರೆ ಇದು 20ರಿಂದ 60 ಪಟ್ಟು ಹಿಗ್ಗಿಸುತ್ತದೆ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಷಿಕಾರಿಯ ಕಾಲ ಮುಗಿಯಿತು. ನಮ್ಮಲ್ಲಿ ಇದನ್ನು ಹೊತ್ತು ತಿರುಗುವವರು ಪಕ್ಷಿವೀಕ್ಷಕರು. ಅವರೂ ಇದನ್ನು ಕೆರೆಯ ಏರಿಯ ಮೇಲೆ ಊರಬೇಕೇ ಹೊರತು ರಂಗನತಿಟ್ಟಿನ ದೋಣಿಯಲ್ಲಿ ಕುಳಿತು ನೋಡುತ್ತೇವೆಂದರೆ ಆಗದು. ಅಲುಗಾಟವನ್ನೂ ಇದು ಅಷ್ಟೇ ಪಟ್ಟು ಹಿಗ್ಗಿಸಿ ತೋರಿಸುತ್ತದೆ.

ಬೇಟೆಯಲ್ಲಿ ದುರ್ಬೀನಿಗೆ ಈ ಪಟ್ಟ ಬಂದದ್ದು ಅಲಾಸ್ಕಾದಲ್ಲಿ ಅಲ್ಲ, ಸ್ಕಾಟ್ಲೆಂಡಿನ ಬೆಟ್ಟಸೀಮೆಯಲ್ಲಿ. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿನ ಜಮೀನ್ದಾರರ ಎಸ್ಟೇಟುಗಳಲ್ಲಿ ಕೆಂಪು ಜಿಂಕೆಯ ಬೇಟೆ ದೊಡ್ಡ ಶೋಕಿಯಾಗಿತ್ತು. ಬಂದೂಕು ದೊರೆಯದು. ಆದರೆ ಒಂದರೊಳಗೊಂದು ಸರಿಯುವ ಹಿತ್ತಾಳೆ ಕೊಳವೆಗಳ ದುರ್ಬೀನು ಇರುತ್ತಿದ್ದುದು ಸಂಬಳಕ್ಕಿದ್ದ ಆಳಿನ ಕೈಯಲ್ಲಿ. ಆತ ಇಳಿಜಾರಿನಲ್ಲಿ ಒರಗಿ, ಮಂಡಿ ಮಡಚಿ, ಅದರ ಮೇಲೆ ಕೊಳವೆ ಊರಿ ಗಂಟೆಗಟ್ಟಲೆ ನೋಡುತ್ತಿದ್ದ. ಮೈಯೇ ಅವನ ಟ್ರೈಪಾಡ್. ಯಾವ ಜಿಂಕೆಗೆ ಗುಂಡು, ಯಾವುದಕ್ಕೆ ಬೇಡ ಎಂದು ಹೇಳುವವನೂ ಅವನೇ. ದೊರೆ ಆಳಿನ ಮಾತು ಕೇಳುತ್ತಿದ್ದ ಅಪರೂಪದ ಗಳಿಗೆಗಳಲ್ಲಿ ಇದೂ ಒಂದು ಎನ್ನಬಹುದು. ಲಾರ್ಡ್ ಲೋವಟ್ 1900ರಲ್ಲಿ ಬೋಯರ್ ಯುದ್ಧಕ್ಕಾಗಿ ಇಂಥ ಬೆಟ್ಟದಾಳುಗಳನ್ನೇ ಕಲೆಹಾಕಿ 'ಲೋವಟ್ ಸ್ಕೌಟ್ಸ್' ಪಡೆ ಕಟ್ಟಿದರು. ಜಿಂಕೆ ಹುಡುಕುತ್ತಿದ್ದ ಕಣ್ಣು ದಕ್ಷಿಣ ಆಫ್ರಿಕಾದಲ್ಲಿ ಶತ್ರುವನ್ನು ಹುಡುಕಿತು.

ಅಲಾಸ್ಕಾದ ಕಥೆ ಬೇರೆ ದಾರಿ ಹಿಡಿಯಿತು. 1906ರಲ್ಲಿ ಡೆನಾಲಿ ಪರ್ವತದ ಕಡೆಗೆ ಡಾಲ್ ಕುರಿಗಳನ್ನು ಅಧ್ಯಯನ ಮಾಡಲು ಬಂದ ಚಾರ್ಲ್ಸ್ ಶೆಲ್ಡನ್ ಸ್ವತಃ ಬೇಟೆಗಾರ. 1907-08ರ ಚಳಿಗಾಲವನ್ನು ಆತ ಟೊಕ್ಲಾಟ್ ನದಿಯ ದಂಡೆಯಲ್ಲಿ ಗುಡಿಸಲು ಹಾಕಿಕೊಂಡು ಕಳೆದರು. ಗಣಿ ಕೆಲಸಗಾರರ ಊಟಕ್ಕೆಂದು ಕುರಿಗಳನ್ನು ಕೊಂದು ಮಾಂಸ ಮಾರುವವರ ಹಾವಳಿಯಿಂದ ಕಳವಳಗೊಂಡು ರಕ್ಷಿತ ಪ್ರದೇಶಕ್ಕಾಗಿ ಹೋರಾಡಿದರು. 1917ರಲ್ಲಿ ಅಲ್ಲಿ ರಾಷ್ಟ್ರೀಯ ಉದ್ಯಾನ ಸ್ಥಾಪನೆಯಾಯಿತು. ಇಂದು ಅದರ ಹೆಸರು ಡೆನಾಲಿ. ಉದ್ಯಾನದ ಹೊರಗಿನ ಬ್ರೂಕ್ಸ್, ರಾಂಗೆಲ್, ಚುಗಾಚ್ ಪರ್ವತಗಳಲ್ಲಿ ಬೇಟೆ ಉಳಿಯಿತು, ಕಟ್ಟುಪಾಡುಗಳೂ ಬೆಳೆದವು. ವಿಮಾನದಲ್ಲಿ ಬಂದಿಳಿದ ದಿನವೇ ಬೇಟೆಯಾಡುವಂತಿಲ್ಲ. ಆದ್ದರಿಂದ ಹುಡುಕಾಟವೆಲ್ಲ ಕಾಲಿನ ಮೇಲೆ, ಮಸೂರದ ಮೂಲಕ.

ಇನ್ನು ಆಯ್ಕೆಯ ಮಾತು. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿರುವ '60 ಪಟ್ಟು' ಎಂಬ ಅಂಕಿಗೆ ಮರುಳಾಗುವವರೇ ಹೆಚ್ಚು. ಗಮನಿಸಬೇಕಾದ ಲೆಕ್ಕ ಬೇರೆ ಇದೆ. ಮುಂಭಾಗದ ಮಸೂರದ ಅಗಲವನ್ನು ಪಟ್ಟಿನಿಂದ ಭಾಗಿಸಿದರೆ ಕಣ್ಣಿಗೆ ಬೀಳುವ ಬೆಳಕಿನ ಕಿಂಡಿ ಎಷ್ಟು ಅಗಲ ಎಂಬುದು ಸಿಗುತ್ತದೆ. 80 ಮಿಲಿಮೀಟರ್ ಮಸೂರ 20 ಪಟ್ಟಿನಲ್ಲಿ 4 ಮಿಲಿಮೀಟರ್ ಕಿಂಡಿ ಕೊಡುತ್ತದೆ. 60ರಲ್ಲಿ ಅದು ಸುಮಾರು 1.3ಕ್ಕೆ ಇಳಿಯುತ್ತದೆ. 65 ಮಿಲಿಮೀಟರಿನದಾದರೆ 60 ಪಟ್ಟಿನಲ್ಲಿ 1.1 ಮಾತ್ರ. ನಮ್ಮ ಕಣ್ಣಿನ ಪಾಪೆ ಹಗಲಿನಲ್ಲೇ 2-3 ಮಿಲಿಮೀಟರ್ ತೆರೆದಿರುತ್ತದೆ, ಮುಸ್ಸಂಜೆಯಲ್ಲಿ ಇನ್ನೂ ಹಿಗ್ಗುತ್ತದೆ. ಕುರಿಗಳು ಮೇಯಲು ಏಳುವುದು ಮುಂಜಾನೆ ಮತ್ತು ಸಂಜೆ. ಆ ಹೊತ್ತಿನಲ್ಲಿ 60 ಪಟ್ಟಿಗೆ ತಿರುಗಿಸಿದರೆ ಕುರಿ ದೊಡ್ಡದಾಗಿ, ಮಂಕಾಗಿ ಕಾಣುತ್ತದೆ. ಉಂಗುರ ಕಾಣುವುದಿಲ್ಲ.

ನಡುಹಗಲಲ್ಲಿ ಬೆಳಕು ಸಾಕಷ್ಟಿದ್ದರೂ ಬಂಡೆಗಳು ಕಾದು ಗಾಳಿ ಕುದಿಯತೊಡಗುತ್ತದೆ. ಬೇಸಿಗೆಯಲ್ಲಿ ಡಾಂಬರು ರಸ್ತೆಯ ಮೇಲೆ ಕಾಣುವ ಝಳದ ಹಾಗೆಯೇ. ಕೊಂಬಿನ ಅಂಚು ನೀರಿನಲ್ಲಿ ಕದಡಿದಂತೆ ಕುಣಿಯುತ್ತದೆ. ಎಷ್ಟೇ ಬೆಲೆಯ ಸ್ಕೋಪ್ ಇದ್ದರೂ ಝಳಕ್ಕೆ ಮದ್ದಿಲ್ಲ. 25-30 ಪಟ್ಟಿಗೆ ಇಳಿಸಿ ಕಾಯಬೇಕು, ಅಷ್ಟೆ.

ಗಾಜಿನ ಗುಣಕ್ಕೆ ಮಾತ್ರ ಹಣ ಸುರಿಯುವುದು ಸಾರ್ಥಕ. ಸಾಧಾರಣ ಗಾಜು ಬೆಳಕಿನ ಬಣ್ಣಗಳನ್ನು ಒಂದೇ ಕಡೆ ಕೂಡಿಸಲಾರದು. ಬಿಳಿ ಕುರಿಯ ಮೈಯಂಚಿನಲ್ಲಿ ನೇರಳೆ ಗೆರೆ ಮೂಡುತ್ತದೆ. ಫ್ಲೋರೈಟ್ ಅಥವಾ 'ಇ.ಡಿ.' ಎಂದು ಕರೆಯುವ ವಿಶೇಷ ಗಾಜಿನ ಮಸೂರದಲ್ಲಿ ಈ ದೋಷ ಬಹಳ ಕಡಿಮೆ. ಉಂಗುರವನ್ನೂ ಕೊಂಬಿನ ಸಾಮಾನ್ಯ ಸುಕ್ಕನ್ನೂ ಬೇರ್ಪಡಿಸಿ ನೋಡಬೇಕಾದವನಿಗೆ ಇದು ಐಷಾರಾಮವಲ್ಲ. ಒಳಗೆ ನೈಟ್ರೋಜನ್ ತುಂಬಿ ಬಿಗಿಯಾಗಿ ಮುಚ್ಚಿರುವುದೂ ಅಗತ್ಯ. ಇಲ್ಲದಿದ್ದರೆ ಮಳೆಯಲ್ಲಿ ನೆನೆದ ಮರುದಿನ ಒಳಮಸೂರಕ್ಕೆ ಮಂಜು ಹಿಡಿಯುತ್ತದೆ.

ಕೊಳವೆ ನೇರವಾಗಿರಬೇಕೋ, ಕಣ್ಣಿಡುವ ತುದಿ ಬಾಗಿರಬೇಕೋ ಎಂಬ ವಾದ ಬೇಟೆಗಾರರ ನಡುವೆ ಇನ್ನೂ ಮುಗಿದಿಲ್ಲ. ನೇರದ್ದನ್ನು ಗುರಿಯತ್ತ ತಿರುಗಿಸುವುದು ಸುಲಭ. ಆದರೆ ಕಣಿವೆಯಲ್ಲಿ ಕುಳಿತು ಶಿಖರದತ್ತ ನೋಡುವವನಿಗೆ ಬಾಗಿದ್ದೇ ಹಿತ; ಕತ್ತು ನೋಯದು, ಗಿಡ್ಡ ಟ್ರೈಪಾಡ್ ಸಾಕಾಗುತ್ತದೆ. ಮಲಗಿರುವ ಟಗರು ತಲೆಯನ್ನು ಸರಿಯಾಗಿ ಪಕ್ಕಕ್ಕೆ ತಿರುಗಿಸುವವರೆಗೆ ಸುರುಳಿ ಅಳೆಯುವಂತಿಲ್ಲ, ಅದಕ್ಕೆ ಮೂರು ಗಂಟೆ ಹಿಡಿದರೂ ಹಿಡಿಯಿತು. ಕನ್ನಡಕ ಧರಿಸುವವರು ಅಂಗಡಿಯಲ್ಲೇ ಅದನ್ನು ತೆಗೆಯದೆ ನೋಡಿ ಪರೀಕ್ಷಿಸುವುದು ಲೇಸು. ಈಚೆಗೆ ಮೊಬೈಲ್ ಫೋನನ್ನು ಸ್ಕೋಪಿಗೆ ಸಿಕ್ಕಿಸಿ ಚಿತ್ರ ತೆಗೆದು ಉಂಗುರಗಳನ್ನು ನಿಧಾನವಾಗಿ ಎಣಿಸುವ ರೂಢಿಯೂ ಬಂದಿದೆ.

ಎಲ್ಲಕ್ಕಿಂತ ಕಠಿಣವಾದದ್ದು ಭಾರದ ಪ್ರಶ್ನೆ. 80 ಮಿಲಿಮೀಟರಿನ ಸ್ಕೋಪ್ ಒಂದೂವರೆಯಿಂದ ಎರಡು ಕಿಲೋ ತೂಗುತ್ತದೆ. ಟ್ರೈಪಾಡ್ ಸೇರಿದರೆ ಮೂರು ಕಿಲೋ ಮೀರುತ್ತದೆ. ಬೆನ್ನ ಮೇಲೆ ಗುಡಾರ, ಹತ್ತು ದಿನದ ಆಹಾರ. ಬೇಟೆ ಸಿಕ್ಕರೆ ತಿನ್ನಲು ಯೋಗ್ಯವಾದ ಮಾಂಸವನ್ನೆಲ್ಲ ಹೊತ್ತು ತರುವುದು ಅಲ್ಲಿ ಕಾನೂನು. ಹೀಗಾಗಿ 65 ಮಿಲಿಮೀಟರಿನದು, ಒಂದು ಕಿಲೋಗಿಂತ ತುಸು ಹೆಚ್ಚು ತೂಗುವಂಥದ್ದು, ನಡೆದುಹೋಗುವವರಿಗೆ ಸರಿಯಾದ ರಾಜಿ ಎನಿಸುತ್ತದೆ. ಟ್ರೈಪಾಡಿನಲ್ಲಿ ಭಾರ ಉಳಿಸಲು ಹೋಗಿ ಗಾಳಿಗೆ ನಡುಗುವಂಥದ್ದನ್ನು ತಂದವನು ಒಳ್ಳೆಯ ಗಾಜಿಗೆ ಕೊಟ್ಟ ಹಣವನ್ನು ಹೊಳೆಗೆ ಹಾಕಿದಂತೆ.

ಈಚಿನ ವರ್ಷಗಳಲ್ಲಿ ಅಲಾಸ್ಕಾದ ಹಲವು ಶ್ರೇಣಿಗಳಲ್ಲಿ ಡಾಲ್ ಕುರಿಗಳು ಕಡಿಮೆಯಾಗಿವೆ. ಚಳಿಗಾಲದಲ್ಲಿ ಮಳೆ ಬಿದ್ದು ಹಿಮದ ಮೇಲೆ ಮಂಜುಗಡ್ಡೆ ಕಟ್ಟಿದರೆ ಅವುಗಳಿಗೆ ಮೇವು ಸಿಗುವುದಿಲ್ಲ. ಹಾಗಾಗಿ ಒಂದೊಂದು ಟಗರಿನ ಎಣಿಕೆಯೂ ಈಗ ಬಿಗಿಯಾಗಿದೆ. ಬೇಟೆ ಮುಗಿಸಿದವರು 30 ದಿನಗಳೊಳಗೆ ಕೊಂಬುಗಳನ್ನು ಮೀನು ಮತ್ತು ವನ್ಯಜೀವಿ ಇಲಾಖೆಯ ಕಚೇರಿಗೆ ತಂದೊಪ್ಪಿಸಬೇಕು. ಅಲ್ಲಿನ ಸಿಬ್ಬಂದಿ ಸುರುಳಿ ಅಳೆದು, ಉಂಗುರಗಳನ್ನು ಮತ್ತೆ ಎಣಿಸುತ್ತಾರೆ. ಲೆಕ್ಕ ಸರಿಯಿದ್ದರೆ ಕೊಂಬಿಗೆ ಮುದ್ರೆ ಬಿದ್ದು ಮನೆಗೆ ಹೋಗುತ್ತದೆ. ಇಲ್ಲವಾದರೆ ಕೊಂಬು ಸರ್ಕಾರಕ್ಕೆ, ಬೇಟೆಗಾರ ನ್ಯಾಯಾಲಯಕ್ಕೆ.