ಊರುಗೋಲು ಯಾವ ಕೈಯಲ್ಲಿರಬೇಕು?

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ಉರ್ದುವಿನಲ್ಲಿ ಮಗನನ್ನು 'ಬುಢಾಪೇ ಕೀ ಲಾಠಿ', ಅಂದರೆ ಮುಪ್ಪಿನ ಕೋಲು, ಎನ್ನುವುದುಂಟು. ಮಾತು ಚೆನ್ನಾಗಿದೆ. ಆದರೆ ಮಗ ಕೆಲಸಕ್ಕೆ ಹೋದ ಹೊತ್ತಿನಲ್ಲಿ ಅಬ್ಬಾ ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗುತ್ತಾರೆ. ನಿಜವಾದ ಕೋಲು ತಂದುಕೊಟ್ಟರೆ "ನಾನಿನ್ನೂ ಅಷ್ಟು ಮುದುಕನಾಗಿಲ್ಲ" ಎಂದು ಮೂಲೆಗಿಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ನೀಡಿದ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಬಿದ್ದು ಸಾಯುತ್ತಾರೆ. ಅವರಲ್ಲಿ 60 ದಾಟಿದವರೇ ಹೆಚ್ಚು. ಸೊಂಟದ ಮೂಳೆ ಮುರಿದವರ ಪಾಡು ಇಲ್ಲಿ ಕುಳಿತಿರುವ ಅನೇಕ ಮನೆಗಳವರಿಗೆ ಗೊತ್ತಿದೆ.

ಕನ್ನಡದ ಪದವೇ ಅರ್ಧ ಪಾಠ ಹೇಳುತ್ತದೆ. ಊರುಗೋಲು ಎಂದರೆ ನೆಲಕ್ಕೆ ಊರುವ ಕೋಲು, ಸುಮ್ಮನೆ ಹಿಡಿದು ತಿರುಗುವುದಲ್ಲ. ಆದರೆ ಯಾವ ಕೈಯಲ್ಲಿ ಊರಬೇಕು? ನಮ್ಮಲ್ಲಿ ಬಹಳ ಮಂದಿ ನೋವಿರುವ ಕಾಲಿನ ಕಡೆಯೇ ಹಿಡಿಯುತ್ತಾರೆ. ಅದು ಸರಿಯಲ್ಲ. ಬಲಗಾಲು ನೋಯುತ್ತಿದ್ದರೆ ಕೋಲು ಎಡಗೈಯಲ್ಲಿರಬೇಕು.

ವಿದ್ಯಾರ್ಥಿಗಳೇ, ನೀವು ಓದಿದ ಸನ್ನೆಕೋಲಿನ ಪಾಠವನ್ನು ನೆನೆಯಿರಿ. ಬಲಗಾಲೊಂದರ ಮೇಲೆ ನಿಂತಾಗ ದೇಹ ಎಡಕ್ಕೆ ವಾಲಲು ನೋಡುತ್ತದೆ. ಅದನ್ನು ತಡೆಯಲು ಬಲ ಸೊಂಟದ ಪಕ್ಕದ ಸ್ನಾಯುಗಳು ಬಿಗಿಯಾಗಿ ಎಳೆಯುತ್ತವೆ. ಈ ಸ್ನಾಯುಗಳು ಕೀಲಿಗೆ ತೀರ ಹತ್ತಿರ ಇರುವುದರಿಂದ ಕೀಲಿನ ಮೇಲೆ ಬೀಳುವ ಒತ್ತಡ ದೇಹದ ತೂಕದ ಎರಡು ಪಟ್ಟಿಗೂ ಹೆಚ್ಚು. ಎಡಗೈಯ ಕೋಲು ಕೀಲಿನಿಂದ ದೂರವಿರುವುದರಿಂದ ಸ್ವಲ್ಪ ಒತ್ತಿದರೂ ಹೊರೆ ಬಹಳ ಇಳಿಯುತ್ತದೆ. ಅಮೆರಿಕದ ಮೂಳೆ ವೈದ್ಯ ವಾಲ್ಟರ್ ಬ್ಲೌಂಟ್ 1956ರಷ್ಟು ಹಿಂದೆಯೇ 'ಕೋಲನ್ನು ಬಿಸಾಡಬೇಡಿ' ಎಂಬರ್ಥದ ಶೀರ್ಷಿಕೆಯಿಟ್ಟು ಇದರ ಬಗ್ಗೆ ವೈದ್ಯರಿಗೆಂದೇ ಲೇಖನ ಬರೆದರು.

ಇನ್ನು ಎತ್ತರ. ನಿತ್ಯದ ಚಪ್ಪಲಿ ಹಾಕಿ, ಕೈ ಇಳಿಬಿಟ್ಟು ನಿಂತಾಗ ಕೋಲಿನ ಹಿಡಿ ಮಣಿಕಟ್ಟಿನ ಗೆರೆಯ ಮಟ್ಟಕ್ಕೆ ಬರಬೇಕು. ಹಿಡಿದಾಗ ಮೊಣಕೈ ತುಸು ಮಡಚಿರುತ್ತದೆ. ದಾದಾ ಬಳಸಿದ ಕೋಲನ್ನೇ ದಾದಿಗೆ ಕೊಡುವವರಿದ್ದಾರೆ. ಉದ್ದವಾದರೆ ಭುಜ ನೋಯುತ್ತದೆ, ಗಿಡ್ಡವಾದರೆ ಬೆನ್ನು ಬಾಗುತ್ತದೆ.

ನಡೆಯುವಾಗ ಕೋಲು ಮತ್ತು ನೋವಿನ ಕಾಲು ಒಟ್ಟಿಗೆ ಮುಂದೆ ಹೋಗಲಿ. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಕೋಲು ಮತ್ತು ನೋವಿನ ಕಾಲು ಮೊದಲು.

ಕೋಲಿನ ತುದಿಯ ರಬ್ಬರು ಸವೆದರೆ ಬದಲಿಸಿ. ವುಝೂ ಮಾಡುವ ಜಾಗದ ಒದ್ದೆ ಕಲ್ಲಿನ ಮೇಲೆ ಸವೆದ ರಬ್ಬರು ಜಾರುತ್ತದೆ. ಮಸೀದಿ ಸಮಿತಿಯವರು ಇಲ್ಲಿದ್ದೀರಿ. ಅಲ್ಲಿ ಗೋಡೆಗೊಂದು ಕಂಬಿ ಹಾಕಿಸಿಕೊಡಿ ಎಂದು ಕೇಳಿಕೊಳ್ಳುತ್ತೇನೆ.

ಎರಡೂ ಕಾಲು ದುರ್ಬಲವಾಗಿದ್ದರೆ ಒಂದು ಕೋಲು ಸಾಲದು, ವಾಕರ್ ಬೇಕಾದೀತು, ವೈದ್ಯರನ್ನು ಕೇಳಿ. ಇದ್ದಕ್ಕಿದ್ದಂತೆ ಒಂದು ಕಡೆಯ ಕೈಕಾಲು ಸೋತರೆ ಕೋಲು ಹುಡುಕುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

ಈಗ ಎಂಟನೇ ತರಗತಿಯ ಇಬ್ಬರು ಮುಂದೆ ಬನ್ನಿ, ಅಳತೆಯ ಟೇಪು ತಂದಿದ್ದೇನೆ. ಈ ವೇದಿಕೆಗೆ ಮೂರು ಮೆಟ್ಟಿಲಿವೆ, ಮಾಡಿ ತೋರಿಸಲು ಅಷ್ಟು ಸಾಕು. ಕೋಲು ತಂದಿರುವ ಹಿರಿಯರು ಇಲ್ಲಿಯವರೆಗೆ ಬರುವುದು ಬೇಡ, ಮಕ್ಕಳೇ ನಿಮ್ಮ ಬಳಿ ಬಂದು ಅಳೆಯುತ್ತಾರೆ.