ಮೊದಲ ಪ್ರಶ್ನೆ ಚಿಕ್ಕದಿರಲಿ



ಎಂಎಸ್ಸಿ ಕೊನೆಯ ಸೆಮಿಸ್ಟರಿನ ಮಕ್ಕಳು ಪ್ರಾಜೆಕ್ಟಿಗೆ ವಿಷಯ ಹಿಡಿದು ಬಂದರೆಂದರೆ ನನ್ನ ಎದೆ ಝಲ್ಲೆನ್ನುತ್ತದೆ. ಒಬ್ಬ ಹುಡುಗ ನಮ್ಮ ಹೈದರಾಬಾದಿನ ಹುಸೇನ್ ಸಾಗರ ಕೆರೆಯನ್ನೇ ಶುದ್ಧ ಮಾಡುತ್ತೇನೆ ಎಂದ. ಕೈಯಲ್ಲಿದ್ದದ್ದು ನಾಲ್ಕು ತಿಂಗಳು. ಆಸೆಯನ್ನು ಚಿವುಟದೆ ಪ್ರಶ್ನೆಯನ್ನಷ್ಟೇ ಕಿರಿದು ಮಾಡುವುದು ಮೇಷ್ಟ್ರ ಮೊದಲ ಕೆಲಸ. ಕೂತು ಮಾತಾಡಿ ಕೊನೆಗೆ ಇಷ್ಟು ಉಳಿಸಿಕೊಂಡೆವು: ದಂಡೆಯ ಒಂದೇ ಜಾಗದ ನೀರಿನಲ್ಲಿ ಕರಗಿದ ಆಮ್ಲಜನಕ ಬೆಳಿಗ್ಗೆ ಆರಕ್ಕೆ ಎಷ್ಟು, ಮಧ್ಯಾಹ್ನ ಮೂರಕ್ಕೆ ಎಷ್ಟು? ಪಾಚಿ ಬಿಸಿಲಿನಲ್ಲಿ ಆಮ್ಲಜನಕ ಬಿಡುತ್ತದೆ, ರಾತ್ರಿಯಿಡೀ ಉಸಿರಾಡಿ ಕಳೆಯುತ್ತದೆ. ಹಾಗಾಗಿ ಹೊತ್ತು ಬರೆಯದ ಅಂಕಿಗೆ ಬೆಲೆಯಿಲ್ಲ.

ಮೊದಲ ವಾರದ ಅಂಕಿಗಳು ಒಂದಕ್ಕೊಂದು ತಾಳೆಯಾಗಲಿಲ್ಲ. ನೀರನ್ನು ಬಾಟಲಿಯಲ್ಲಿ ಹಾಗೇ ಲ್ಯಾಬಿಗೆ ತಂದು, ಸಂಜೆ ಪರೀಕ್ಷೆ ಮಾಡುತ್ತಿದ್ದ. ಅಷ್ಟರಲ್ಲಿ ಸೂಕ್ಷ್ಮಜೀವಿಗಳು ತಮ್ಮ ಪಾಲು ಮುಗಿಸಿರುತ್ತಿದ್ದವು. ದಂಡೆಯಲ್ಲೇ ಮ್ಯಾಂಗನೀಸ್ ಸಲ್ಫೇಟು, ಕ್ಷಾರೀಯ ಅಯೊಡೈಡು ಹಾಕಿ ಆಮ್ಲಜನಕವನ್ನು ಕಟ್ಟಿಹಾಕಬೇಕು. ಮೊದಲೇ ಹೇಳಬಹುದಿತ್ತು, ಹೇಳಲಿಲ್ಲ. ಅದು ಸರಿಯೇ ಎಂಬ ಅನುಮಾನ ನನಗೆ ಈಗಲೂ ಇದೆ. ಆದರೆ ಆ ವಾರದ ಪುಟಗಳನ್ನು ಹರಿಯಲು ಮಾತ್ರ ಬಿಡಲಿಲ್ಲ.

ಚಿಕ್ಕ ಪ್ರಶ್ನೆ ಎಂದಾಗ ನನಗೆ ನೆನಪಾಗುವವರು ಇದೇ ಊರಲ್ಲಿ ಬೆಳೆದ ಖಗೋಳ ವಿಜ್ಞಾನಿ ವೈನು ಬಾಪು. ತಂದೆ ನಿಜಾಮಿಯಾ ವೀಕ್ಷಣಾಲಯದಲ್ಲಿದ್ದರು. ಮಗ ವಿದ್ಯಾರ್ಥಿಯಾಗಿದ್ದಾಗಲೇ ಹೊಳಪು ಏರಿಳಿಯುವ ನಕ್ಷತ್ರಗಳ ಬಗ್ಗೆ ಪ್ರಬಂಧ ಪ್ರಕಟಿಸಿದರು. ಅಂಥ ನಕ್ಷತ್ರವನ್ನು ನೋಡುವ ಕ್ರಮ ಸರಳ: ಹೊಳಪು ಗೊತ್ತಿರುವ ಪಕ್ಕದ ನಕ್ಷತ್ರಗಳ ಜೊತೆ ಹೋಲಿಸುವುದು, ಹೊತ್ತು ಬರೆಯುವುದು, ಮರುರಾತ್ರಿ ಮತ್ತೆ ನೋಡುವುದು. ಮೋಡ ಕವಿದರೆ ‘ಮೋಡ’ ಎಂದೇ ಬರೆಯುವುದು. ಚಿಕ್ಕ ಪ್ರಶ್ನೆ ಎಂದರೆ ಇದು.

1949ರಲ್ಲಿ ಹಾರ್ವರ್ಡಿನಲ್ಲಿ ಓದುತ್ತಿದ್ದಾಗ ಬಾಪು ಫೋಟೋ ಫಲಕವೊಂದರಲ್ಲಿ ಹೊಸ ಧೂಮಕೇತುವನ್ನು ಕಂಡರು. ಅದರ ಹೆಸರು ಬಾಪು–ಬಾಕ್–ನ್ಯೂಕರ್ಕ್. ಬಾಕ್ ಅಲ್ಲಿ ಪ್ರಾಧ್ಯಾಪಕರಾಗಿದ್ದರು. ಶಿಷ್ಯನ ಹೆಸರು ಮುಂದೆ, ಗುರುವಿನದು ಹಿಂದೆ! ನಮ್ಮ ಎಷ್ಟೋ ಪ್ರಬಂಧಗಳಲ್ಲಿ ಇದು ತಿರುಗುಮುರುಗಾಗಿರುತ್ತದೆ. ದುಡಿದ ಮಕ್ಕಳ ಹೆಸರು ಕೊನೆಯ ‘ಕೃತಜ್ಞತೆ’ಗೆ ಜಾರಿರುತ್ತದೆ. ನನಗೆ ಇದು ಕಳ್ಳತನವೆಂದೇ ಕಾಣುತ್ತದೆ.

ತಂದೆತಾಯಂದಿರಲ್ಲಿ ಒಂದು ಕೋರಿಕೆ. ಮಗಳೋ ಮಗನೋ ಮೊದಲ ಪ್ರಾಜೆಕ್ಟ್ ಮುಗಿಸಿ ಮನೆಗೆ ಬಂದರೆ, ಎಷ್ಟು ಮಾರ್ಕ್ಸ್ ಬಂತು ಎನ್ನುವ ಮೊದಲು ನೋಟ್‌ಬುಕ್ ತೋರಿಸು ಎನ್ನಿ. ಹಾಳಾದ ವಾರದ ಪುಟಗಳು ಅದರಲ್ಲಿ ಇವೆಯೇ ನೋಡಿ.